ಒಳಗಿನ ಚಿಲಕ

ಸಂಸ್ಥೆಗೆ ಹೊಸದಾಗಿ ಸೇರಿದ ಹುಡುಗಿಯರು ನಮ್ಮ ಮನೆಗೆ ಬಂದರೆ ಕಾನೂನಿನ ಬಗ್ಗೆ ಏನೂ ಕೇಳುವುದಿಲ್ಲ. ಅದೆಲ್ಲ ಅವರ ಫೋನಿನಲ್ಲೇ ಇರುತ್ತದೆ. ಅವರು ಕೇಳುವುದು ನನ್ನ ಚೀಲದ ಬಗ್ಗೆ. ಅದರಲ್ಲಿ ಏನೇನು ಇಟ್ಟುಕೊಂಡು ತಿರುಗುತ್ತಿದ್ದಿರಿ, ಮಾವಶಿ, ಎಂದು; ಇಲ್ಲಿ ಚಿಕ್ಕಮ್ಮನಂಥವಳನ್ನು ಹಾಗೆ ಕರೆಯುತ್ತಾರೆ. ನನಗೂ ಈ ಪ್ರಶ್ನೆಯೇ ಇಷ್ಟ. ನೀರಿನ ಬಾಟಲಿ, ನಾಲ್ಕು ಪಿನ್ನು, ಸಣ್ಣ ಶೀಶೆಯಲ್ಲಿ ಕೊಬ್ಬರಿ ಎಣ್ಣೆ, ಒಂದಿಷ್ಟು ಶೇಂಗಾ ಚಿಕ್ಕಿ, ಒಂದು ಜೋಡು ಚಿಕ್ಕ ಚಪ್ಪಲಿ. ಎಣ್ಣೆ ಒಡೆದ ಕೈಗೆ, ಚಿಕ್ಕಿ ಮಾತು ಶುರುಮಾಡುವುದಕ್ಕೆ ಎಂದು ಅವರೇ ಊಹಿಸುತ್ತಾರೆ. ಚಪ್ಪಲಿಯ ಹತ್ತಿರ ಬಂದು ನಿಲ್ಲುತ್ತಾರೆ. ಮನೆಗೆಲಸಕ್ಕೆ ಇಟ್ಟುಕೊಂಡ ಹುಡುಗಿಯನ್ನು ಹೊರಗೆ ಬಿಡುವುದೇ ಇಲ್ಲ ಎಂದಮೇಲೆ ಅವಳಿಗೆ ಚಪ್ಪಲಿ ಯಾರು ತರುತ್ತಾರೆ? ಬಿಡಿಸಿಕೊಂಡು ಬಂದ ಹುಡುಗಿಯೊಬ್ಬಳು ಲಿಫ್ಟಿನಿಂದ ಇಳಿದು, ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ಕುಣಿದದ್ದನ್ನು ನೋಡಿದ ಮೇಲೆ ನಾನು ಚಪ್ಪಲಿಯಿಲ್ಲದೆ ಮನೆ ಬಿಟ್ಟವಳಲ್ಲ.

ನಾನು ಗೋಕಾಕ ಕಡೆಯವಳು, ಮದುವೆಯಾಗಿ ಪುಣೆಗೆ ಬಂದವಳು. ದುಡಿಯುವ ಮಕ್ಕಳ ಸಲುವಾಗಿ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ, ಮಗ ಶಾಲೆಗೆ ಹೋಗಲು ಶುರುಮಾಡಿದಾಗ ಸೇರಿ, ಹೋದ ವರ್ಷ ನಿವೃತ್ತಳಾದೆ. ನನ್ನನ್ನು ತೆಗೆದುಕೊಂಡದ್ದು ಓದಿಗಾಗಿ ಅಲ್ಲ, ಕನ್ನಡಕ್ಕಾಗಿ. ಪುಣೆಯ ಅಂಚಿನ ಹಿಂಜವಾಡಿಯ ಸುತ್ತ ಆಗ ದಿನಕ್ಕೊಂದು ಕಟ್ಟಡ ಏಳುತ್ತಿತ್ತು. ಅಲ್ಲಿ ಕಲ್ಲು ಮಣ್ಣು ಹೊರುವವರು ಬಹುಮಟ್ಟಿಗೆ ವಿಜಯಪುರ, ಯಾದಗಿರಿ, ಕಲಬುರಗಿ ಕಡೆಯವರು. ಸಂಸ್ಥೆಯವರು ಮರಾಠಿಯಲ್ಲಿ ಕೇಳಿದ್ದಕ್ಕೆಲ್ಲ ಅವರು "ಹೋಯ, ಹೋಯ" ಎಂದು ತಲೆಯಾಡಿಸಿ ಕಳಿಸುತ್ತಿದ್ದರು. ನಾನು ಮೊದಲ ದಿನ ಹೋಗಿ "ಯಾವೂರ್‌ರೆವಾ ನಿಮ್ಮದು?" ಎಂದೆ. ಬುಟ್ಟಿ ಕೆಳಗಿಟ್ಟು ಸುತ್ತ ಕೂತೇಬಿಟ್ಟರು. ಅದೇ ನನ್ನ ಡಿಗ್ರಿ.

ನಮ್ಮ ಮುಖ್ಯಸ್ಥರು ಪರಾಂಜಪೆ ಬಾಯಿ. ಮಾತನಾಡುತ್ತಿದ್ದದ್ದು ಮರಾಠಿ, ಅವರದನ್ನೂ ಉಳಿದ ಮರಾಠಿಯವರದನ್ನೂ ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಬಿಳಿ ಕೂದಲು, ದಪ್ಪ ಕಾಜಿನ ಕನ್ನಡಕ, ಚಹಾವನ್ನು ಯಾವಾಗಲೂ ನಿಂತೇ ಕುಡಿಯುವ ಹೆಂಗಸು. ಸೈಟುಗಳನ್ನು ಸುತ್ತಿ ಬಂದವರು ವರದಿ ಬರೆಯಲು ಕೂತರೆ ಅವರಿಗೆ ಸಿಟ್ಟು ಬರುತ್ತಿತ್ತು. "ವರದಿ ಆಮ್ಯಾಲ. ಮೊದಲ ಆ ಹುಡುಗಿ ಏನಂದಳು ಹೇಳು" ಎನ್ನುತ್ತಿದ್ದರು. ಹುಡುಗಿ ಏನೂ ಅನ್ನಲಿಲ್ಲ ಎಂದರೆ, ಹಾಗಾದರೆ ಮತ್ತೆ ಹೋಗು ಎಂದು ವಾಪಸ್ಸು ಅಟ್ಟುತ್ತಿದ್ದರು. ಬಿಸಿಲಲ್ಲಿ ಎರಡೆರಡು ಬಸ್ಸು ಬದಲಿಸಿ ಸ್ವಾರಗೇಟಿನಿಂದ ಮತ್ತೆ ಹೋಗುವಾಗ ಅವರನ್ನು ಮನಸ್ಸಿನಲ್ಲೇ ಬೈದದ್ದು ಎಷ್ಟು ಸಲವೋ. ಆದರೆ ಎರಡನೇ ಸಲ ಹೋದಾಗಲೇ ಹುಡುಗಿಯರು ಬಾಯಿ ಬಿಡುತ್ತಾರೆ ಎಂಬುದನ್ನು ನಾನು ಕಲಿತದ್ದು ಹಾಗೆ.

ಮುಖ ನೋಡಬೇಡ, ಕೈ ನೋಡು ಎಂದು ಕಲಿಸಿದವರೂ ಅವರೇ. ಮುಖ ತೊಳೆಸಿ, ಹೊಸ ಫ್ರಾಕು ಹಾಕಿ, "ನಮ್ಮ ಅಕ್ಕನ ಮಗಳು" ಎಂದು ಯಾರು ಬೇಕಾದರೂ ನಿಲ್ಲಿಸಬಹುದು. ಬೆರಳ ಸಂದಿಯಲ್ಲಿ ಪಾತ್ರೆ ಸಾಬೂನು ತಿಂದ ಬಿಳಿ ತೊಗಲನ್ನು ಹೇಗೆ ಮುಚ್ಚುತ್ತಾರೆ? ಇಸ್ತ್ರಿ ತಾಗಿದರೆ ಮುಂಗೈಯಲ್ಲಿ ಕಲೆ, ಕುಕ್ಕರಿನ ಉಗಿ ತಾಗಿದರೆ ಮಣಿಕಟ್ಟಿನಲ್ಲಿ, ನೆಲಕ್ಕೆ ಆಸಿಡ್ ಹಾಕಿ ತಿಕ್ಕಿದರೆ ಉಗುರಿನ ಬುಡದಲ್ಲಿ. ಕೈಯೇ ಎಲ್ಲವನ್ನೂ ಹೇಳುತ್ತದೆ.

ಚಿಕ್ಕಿಯ ವಿಷಯದಲ್ಲಿ ಮಾತ್ರ ಒಮ್ಮೆ ನನಗೆ ಬುದ್ಧಿ ಬಂತು. ಲೋಣಾವಳಾದ ಹೊರಗೆ, ಮಳೆಗಾಲದಲ್ಲಿ, ಚಿಕ್ಕಿ ಮಾಡುವ ಒಂದು ತಗಡಿನ ಶೆಡ್ಡಿಗೆ ಹೋಗಿದ್ದೆವು. ಕುದಿಯುವ ಬೆಲ್ಲದ ಪಾಕವನ್ನು ಕಲ್ಲಿನ ಮೇಲೆ ಸುರಿದು, ಆರುವುದರೊಳಗೆ ಲಟ್ಟಿಸಿ ಕತ್ತರಿಸಬೇಕು. ಕತ್ತರಿಸುವವರೆಲ್ಲ ಹುಡುಗಿಯರು, ಸಣ್ಣ ಕೈಗೆ ಚುರುಕು ಜಾಸ್ತಿಯಂತೆ. ನಾನು ಅಭ್ಯಾಸಬಲದಿಂದ ಒಬ್ಬಳಿಗೆ ಚೀಲದೊಳಗಿನ ಚಿಕ್ಕಿ ಚಾಚಿದೆ. ಅವಳು ನನ್ನ ಮುಖ ನೋಡಿ, "ಬ್ಯಾಡ ಮಾವಶಿ, ಅದರ ವಾಸನಿ ಬಂದ್ರ ಕೈ ಉರಿತಾವ" ಎಂದಳು. ಆ ಶೆಡ್ಡಿನಿಂದ ಹುಡುಗಿಯರನ್ನು ಹೊರತಂದೆವು. ಪರಾಂಜಪೆ ಬಾಯಿಗೆ ಅವಳ ಮಾತನ್ನು ಹೇಳಿದಾಗ ಅವರು ಚಹಾದ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟರು.

ಈಗ ಬಸವ್ವನ ಕತೆ. ನನ್ನ ಕೆಲಸದಲ್ಲಿ ನಾನು ಎದೆಯುಬ್ಬಿಸಿ ಹೇಳಿಕೊಳ್ಳುವಂಥದ್ದು ಇದು, ಹೇಳಿಕೊಳ್ಳುತ್ತೇನೆ ಕೂಡ.

ಹಿಂಜವಾಡಿ ಆಚೆಯ ಒಂದು ಸೈಟಿನಲ್ಲಿ ಹಣಮವ್ವ ಎಂಬ ಹೆಂಗಸು ಕೆಲಸ ಮಾಡುತ್ತಿದ್ದಳು. ಗಂಡ ಇರಲಿಲ್ಲ, ಒಬ್ಬಳೇ ಮಗಳು. ಒಂದು ದಿನ ನನ್ನನ್ನು ಸಿಮೆಂಟಿನ ಚೀಲಗಳ ಮರೆಗೆ ಕರೆದು, ಮಗಳು ಕಾಣುತ್ತಿಲ್ಲ ಎಂದಳು. ಕಳೆದುಹೋಗಿಲ್ಲ, ಕಾಣುತ್ತಿಲ್ಲ. ಕೂಲಿ ತರುವ ಮುಕಾದಮನ ಹೆಂಡತಿ ಹಿಂದಿನ ಮಳೆಗಾಲದಲ್ಲಿ "ಕೂಸು ಆಡಿಸಾಕ" ಎಂದು ಬಸವ್ವನನ್ನು ಒಂದು ದೊಡ್ಡ ಸೊಸೈಟಿಗೆ, ಅಂದರೆ ಅಪಾರ್ಟ್‌ಮೆಂಟುಗಳ ಸಮುಚ್ಚಯಕ್ಕೆ, ಬಿಟ್ಟು ಬಂದಿದ್ದಳು. ಆಮೇಲೆ ಮುಕಾದಮನ ಸಂಸಾರ ಬೇರೆ ಊರಿನ ಸೈಟಿಗೆ ಹೋಯಿತು. ಹಣಮವ್ವನ ಬಳಿ ಉಳಿದದ್ದು ಸೊಸೈಟಿಯ ಹೆಸರು ಮಾತ್ರ. ಹೋಗಿ ಗೇಟಿನಲ್ಲಿ ನಿಂತರೆ ಫ್ಲ್ಯಾಟ್ ನಂಬರ್ ಕೇಳುತ್ತಾರೆ. ಗೊತ್ತಿಲ್ಲ ಎಂದರೆ, ಬಸವ್ವ ಎನ್ನುವವರು ಯಾರೂ ಇಲ್ಲಿ ಇಲ್ಲ, ಹೋಗು ಎನ್ನುತ್ತಾರೆ.

ವಯಸ್ಸೆಷ್ಟು ಎಂದು ಕೇಳಿದೆ. ಕಟ್ಟಡದ ಕೂಲಿಯವರು ಮಕ್ಕಳ ವಯಸ್ಸನ್ನು ವರ್ಷದಲ್ಲಿ ಹೇಳುವುದಿಲ್ಲ. ಹಣಮವ್ವ ದೂರದ ಒಂದು ಕಟ್ಟಡದ ಕಡೆ ಕೈ ಮಾಡಿ, "ಅಗಾ, ಆ ನೀಲಿ ಕಾಜಿನ ಬಿಲ್ಡಿಂಗಿನ ಪಾಯಾ ತಗಿಯೂಮುಂದ ಹೊಟ್ಯಾಗ ಇದ್ಲು, ಮೂರನೇ ಸ್ಲ್ಯಾಬ್ ಹಾಕೂಮುಂದ ಹುಟ್ಟಿದ್ಲು" ಎಂದಳು. ಆ ಕಟ್ಟಡ ಏಳುವಾಗ ನಾನೂ ಅದರ ಮುಂದೆ ಬಸ್ಸು ಕಾದವಳೇ. ಲೆಕ್ಕ ಹಾಕಿದೆ. ಹನ್ನೊಂದು ತುಂಬಿತ್ತೋ ಇಲ್ಲವೋ.

ಕಚೇರಿಯಲ್ಲಿ ಹೇಳಿದೆ. ಈಗ ಏನು ಮಾಡಬೇಕು? ಫ್ಲ್ಯಾಟ್ ಯಾವುದೆಂದು ಗೊತ್ತಿಲ್ಲದೆ ಪೊಲೀಸರೂ ಹತ್ತುವಂತಿಲ್ಲ. ಹಾಗೇ ಹೋಗಿ ಕೆಟ್ಟ ಅನುಭವ ನಮಗೆ ಮೊದಲೇ ಇತ್ತು. ಒಂದು ಸಲ ನಮ್ಮ ತಂಡ ದೊಡ್ಡ ಹುಮ್ಮಸ್ಸಿನಿಂದ, ಮುಂದೆ ಬೋರ್ಡು ಕಟ್ಟಿದ ಜೀಪಿನಲ್ಲಿ, ಹಿಂದೆ ಕಾರ್ಮಿಕ ಇಲಾಖೆಯವರ ಜೀಪು ಹಚ್ಚಿಕೊಂಡು ಒಂದು ಸೊಸೈಟಿಗೆ ನುಗ್ಗಿತ್ತು. ಗೇಟಿನವನು ಮರ್ಯಾದೆಯಿಂದ ಸಲಾಮು ಹೊಡೆದು, ನಮಗೆ ಕುರ್ಚಿ ಹಾಕಿ, ಪ್ರತಿ ಮನೆಗೂ ಇಂಟರ್‌ಕಾಮ್ ಮಾಡಿದ. ನಾವು ಮೇಲೆ ಹೋಗುವುದರೊಳಗೆ ಸೊಸೈಟಿಯ ತುಂಬ ಅಕ್ಕನ ಮಕ್ಕಳೇ. ಒಂದು ಮನೆಯಲ್ಲಂತೂ ಹುಡುಗಿಯ ಕೈಗೆ ಇಂಗ್ಲಿಷ್ ಪುಸ್ತಕ ಕೊಟ್ಟು ಕೂಡಿಸಿದ್ದರು, ತಲೆಕೆಳಗಾಗಿ. ಹಾಗೆಂದು ನಾವು ಸಾಬೀತು ಮಾಡುವುದೇನು? ಬರಿಗೈಯಲ್ಲಿ ಇಳಿದು ಬಂದೆವು. ಆ ಹುಡುಗಿಯರನ್ನು ಮರುವಾರವೇ ಬೇರೆ ಕಡೆ ಸಾಗಿಸಿದ್ದು ಆಮೇಲೆ ತಿಳಿಯಿತು. ಬಸವ್ವನ ವಿಷಯದಲ್ಲಿ ಹಾಗಾಗಕೂಡದು. ಒಮ್ಮೆ ಸುಳಿವು ಹತ್ತಿ ಅವಳನ್ನು ಸಾಗಿಸಿದರೆ ಮತ್ತೆ ಹುಡುಕಲು ಸೊಸೈಟಿಯ ಹೆಸರೂ ಉಳಿಯುವುದಿಲ್ಲ.

ಅವು ಸಂಕ್ರಾಂತಿಯ ದಿನಗಳು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಇಲ್ಲಿ ಮನೆಮನೆಯಲ್ಲೂ ಹಳದಿ-ಕುಂಕು, ನಾವು ಅರಿಷಿಣ-ಕುಂಕುಮ ಎನ್ನುವುದು. ಮುತ್ತೈದೆಯರು ಮನೆಯಿಂದ ಮನೆಗೆ ಹೋಗುತ್ತಾರೆ, ಎಳ್ಳು-ಬೆಲ್ಲ ತಿನ್ನುತ್ತಾರೆ, ಡಬ್ಬಿಯೋ ಚಮಚವೋ ಏನಾದರೊಂದು ವಾಣ ತೆಗೆದುಕೊಂಡು ಬರುತ್ತಾರೆ. ಬಾಗಿಲಿಗೆ ಬಂದ ಮುತ್ತೈದೆಯನ್ನು ಯಾರು ನೀವು ಎಂದು ಕೇಳುವ ರೂಢಿ ಇಲ್ಲ. ಪರಾಂಜಪೆ ಬಾಯಿ ವಿಧವೆ. ಅವರನ್ನು ಯಾರೂ ಕರೆಯುತ್ತಿರಲಿಲ್ಲ, ಅವರೂ ಹೋಗುತ್ತಿರಲಿಲ್ಲ. ಆದರೂ ದಾರಿ ತೋರಿಸಿದವರು ಅವರೇ. ಚಹಾ ಕುಡಿಯುತ್ತ ನನ್ನ ಹಣೆ ನೋಡಿದರು.

"ಶಕುಂತಲಾ, ನನಗ ಆ ಬಾಗಲಾ ತಗಿಯೂದಿಲ್ಲ, ನಿನಗ ತಗೀತಾರ. ನಿನ್ನ ಹಣಿ ಮ್ಯಾಲಿಂದು ಸರಕಾರದ ಗುರುತಿನ ಚೀಟಿಗಿಂತ ಜೋರು ಅದ."

ಆ ಸೊಸೈಟಿಯಲ್ಲಿ ನನಗೊಬ್ಬಳ ಪರಿಚಯವಿತ್ತು. ರಶ್ಮಿ, ಮೈಸೂರಿನ ಹುಡುಗಿ, ಹಿಂಜವಾಡಿಯಲ್ಲೇ ಸಾಫ್ಟ್‌ವೇರ್ ಕೆಲಸ. ಕನ್ನಡದವರ ಊಟದ ಕೂಟವೊಂದರಲ್ಲಿ ಸಿಕ್ಕವಳು. ವಿಷಯ ಹೇಳಿದೆ. ಅವಳು ಸೋಫಾದ ದಿಂಬನ್ನು ಮಡಿಲಿಗೆ ಎಳೆದುಕೊಂಡಳು.

"ಆಂಟಿ, ನೀವು ಬಂದು ಹೋಗ್ತೀರಿ. ಆಮೇಲೆ ನಾನು ಅದೇ ಲಿಫ್ಟ್‌ನಲ್ಲಿ ಓಡಾಡಬೇಕಲ್ಲ."

ಅದು ನಿಜ ಎಂದೆ. ಒತ್ತಾಯ ಮಾಡಲಿಲ್ಲ. ಅವಳು ಕೊಟ್ಟ ಕಾಫಿ ಕುಡಿದು ಎದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲಿಗೆ ಬಂದು ಕೇಳಿದಳು: "ಗುರುವಾರ ನಮ್ಮ ಟವರ್‌ದು ರೌಂಡ್ ಇದೆ, ಗ್ರೂಪ್‌ನಲ್ಲಿ ಲಿಸ್ಟ್ ಹಾಕಿದಾರೆ. ನಿಮ್ಮನ್ನ ನಮ್ಮತ್ತೆ ಅಂತ ಹೇಳ್ಲಾ?"

"ಅತ್ತಿ ಬ್ಯಾಡವಾ, ಆಮ್ಯಾಲ ನಿಜವಾದ ಅತ್ತಿ ಬಂದ್ರ ಫಜೀತಿ. ದೊಡ್ಡಮ್ಮ ಅನ್ನು" ಎಂದೆ.

ಬಸವ್ವ ಯಾವ ಟವರಿನಲ್ಲಿದ್ದಾಳೋ ಗೊತ್ತಿರಲಿಲ್ಲ, ತೆರೆದ ಬಾಗಿಲಿನಿಂದಲೇ ಶುರುಮಾಡೋಣ ಎಂದು ಗುರುವಾರ ಇಳಕಲ್ ಸೀರೆ ಉಟ್ಟು, ರಶ್ಮಿಯ ದೊಡ್ಡಮ್ಮನಾಗಿ ಹೊರಟೆ. ಗೇಟಿನವನು ಇಂಟರ್‌ಕಾಮ್ ಮುಟ್ಟಲಿಲ್ಲ; ನಮಸ್ಕಾರ ಮಾವಶಿ ಎಂದ. ಜೀಪಿನಲ್ಲಿ ಬಂದಿದ್ದರೆ ಇಷ್ಟು ಹಸನಾದ ನಮಸ್ಕಾರ ಸಿಗುತ್ತಿರಲಿಲ್ಲ. ಹೆಂಗಸರ ಗುಂಪಿನ ಜೊತೆ ಮೊದಲು ಹೋದ ಮನೆಗಳಲ್ಲಿ ಏನೂ ಸಿಗಲಿಲ್ಲ. ಮುಂದಿನದರಲ್ಲಿ ಹತ್ತು-ಹನ್ನೆರಡರ ಹುಡುಗಿಯೊಬ್ಬಳು ತಟ್ಟೆ ಹಿಡಿದು ಬಂದಳು. ನಾನು ಎಳ್ಳು ತೆಗೆದುಕೊಳ್ಳುವ ನೆಪದಲ್ಲಿ ಅವಳ ಕೈ ಹಿಡಿದು ತಿರುಗಿಸಿ ಬೆರಳ ಸಂದಿ ನೋಡತೊಡಗಿದೆ. ಪೆನ್ನಿನ ಮಸಿ ಬಿಟ್ಟರೆ ಏನೂ ಇರಲಿಲ್ಲ. ಅವಳು ನಿಜವಾಗಿಯೂ ಅಕ್ಕನ ಮಗಳೇ. ಸಾಂಗಲಿಯಿಂದ ಚಿತ್ರಕಲೆಯ ಪರೀಕ್ಷೆಗೆ ಬಂದಿದ್ದಳಂತೆ.

"ಆಜಿ, ನೀವು ಹಸ್ತ ನೋಡ್ತೀರೇನು?" ಎಂದು ಕೇಳಿಬಿಟ್ಟಳು.

ರಶ್ಮಿ ನನ್ನನ್ನು ನೋಡಿದಳು, ನಾನು ರಶ್ಮಿಯನ್ನು ನೋಡಿದೆ. "ಸ್ವಲ್ಪ ನೋಡ್ತಾರೆ" ಎಂದು ಅವಳೇ ಹೇಳಿದಳು. ಮುಗಿಯಿತು. ಸುತ್ತ ಕೂತಿದ್ದವರೆಲ್ಲ ಕೈ ಚಾಚಿದರು. ಒಬ್ಬಳಿಗೆ ವಿದೇಶ ಪ್ರಯಾಣ, ಒಬ್ಬಳಿಗೆ ಅತ್ತೆಯಿಂದ ಬೇಗ ಬಿಡುಗಡೆ ಎಂದು ನಾನೂ ಹೇಳಿದೆ. ಎರಡನೆಯವಳ ಅತ್ತೆ ಪಕ್ಕದಲ್ಲೇ ಇದ್ದದ್ದು ಆಮೇಲೆ ತಿಳಿಯಿತು. ಆದರೆ ಅಂದಿನಿಂದ ನನಗೊಂದು ವಿದ್ಯೆ ಕೈಗೆ ಬಂತು: ಹಸ್ತ ನೋಡುವವಳಿಗೆ ಯಾರ ಕೈ ಬೇಕಾದರೂ ಹಿಡಿಯುವ ಹಕ್ಕಿದೆ.

ಅದಾದ ಮೇಲಿನದು ಅದಿತಿಯ ಮನೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಎರಡು ವರ್ಷದ ಗಂಡುಕೂಸು. ಕೆಟ್ಟ ಹೆಂಗಸಲ್ಲ, ಇದನ್ನು ಹೊಸ ಹುಡುಗಿಯರು ನೆನಪಿಡಬೇಕು, ನಮಗೆ ಸಿಗುವವರು ಬಹುಪಾಲು ಇಂಥವರೇ. ನಗುತ್ತ ಕುಂಕುಮ ಹಚ್ಚಿದಳು. ಒಳಗಿನಿಂದ ಕುಸರೆಳ್ಳಿನ, ಅಂದರೆ ಸಕ್ಕರೆ ಪಾಕ ಹಚ್ಚಿದ ಎಳ್ಳಿನ, ತಟ್ಟೆ ಹಿಡಿದು ಒಬ್ಬ ಹುಡುಗಿ ಬಂದಳು. ಗುಲಾಬಿ ಫ್ರಾಕು, ಎರಡು ಜಡೆ. ನಡೆಯುವಾಗ ಕಣ್ಣು ನೆಲದ ಮೇಲೆ.

"ಇವಳು ನಮ್ಮ ಪಿಂಕಿ, ಮನಿ ಮಗಳಿದ್ದಂಗ" ಎಂದಳು ಅದಿತಿ. "ಮಾವಶಿ, ಇವಳ ಕೈನೂ ನೋಡ್ರಲ್ಲ."

ನೋಡಿದೆ. ಬೆರಳ ಸಂದಿ ಬಿಳಿಚಿ ಸುಲಿದಿತ್ತು. ಮಣಿಕಟ್ಟಿನಲ್ಲಿ ಉಗಿಯ ಕಲೆ, ಹಳೆಯದರ ಮೇಲೊಂದು ಹೊಸದು. ಕೈ ತಣ್ಣಗಿತ್ತು. ಆದರೆ ಹೆಸರು ಪಿಂಕಿ. ಹಣಮವ್ವನ ಮಗಳು ಇವಳೇ ಎಂದು ಹೇಗೆ ಹೇಳುವುದು? ಕೇಳಿದರೆ ಮನೆಯವರಿಗೆ ಗೊತ್ತಾಗುತ್ತದೆ, ಕೇಳದೆ ಹೋದರೆ ಮತ್ತೆ ಈ ಬಾಗಿಲು ನನಗೆ ತೆರೆಯುವುದಿಲ್ಲ. ದೀರ್ಘಾಯುಷ್ಯ ಅದ ಎಂದಷ್ಟೇ ಹೇಳಿ ಕೈ ಬಿಟ್ಟೆ.

ಅಷ್ಟರಲ್ಲಿ ಹೆಂಗಸರು ಶುರುಮಾಡಿದರು, "ನಾವ ಘ್ಯಾ, ನಾವ ಘ್ಯಾ" ಎಂದು. ಗಂಡನ ಹೆಸರು ಹೇಳಬೇಕು, ಪ್ರಾಸ ಕೂಡಿಸಿ. ಅವರಿಗೆ ಅದು ಉಖಾಣಾ, ನಮಗೆ ಒಡಪು. ಒಬ್ಬೊಬ್ಬರೇ ಹೇಳುತ್ತ ಬಂದು ಸರದಿ ನನಗೆ ಬಂತು. ನನಗೆ ಮರಾಠಿಯಲ್ಲಿ ಬಾರದು, ನಮ್ಮ ಭಾಷೆಯಲ್ಲಿ ನಡೆಯುತ್ತದೆಯೇ ಎಂದೆ. ನಡೆಯುತ್ತದೆ, ನಡೆಯುತ್ತದೆ ಎಂದರು. ನಮ್ಮ ಅಜ್ಜಿ ಒಂದು ಗಳಿಗೆಯಲ್ಲಿ ಒಡಪು ಕಟ್ಟುತ್ತಿದ್ದಳು. ಅವಳನ್ನು ನೆನೆದು, ನಗುಮುಖ ಮಾಡಿಕೊಂಡು, ತಟ್ಟೆ ಹಿಡಿದು ನಿಂತ ಹುಡುಗಿಯ ಕಡೆ ನೋಡದೆ ಹೇಳಿದೆ:

"ತಾಟ ತುಂಬ ಕುಸರೆಳ್ಳ, ಬೀರಾಕ ಬಂದಾಳ ಬಸವ್ವ,
ಗೇಟಿನ ಮುಂದ ಕಾಯಾಕತ್ಯಾಳ ನಿನ್ನ ಹಡದವ್ವ ಹಣಮವ್ವ;
ವಸಂತರಾಯರ ಹೆಸರ ಹೇಳತೇನಿ, ನಿನ್ನ ಮಾತ ನೀ ಹೇಳವ್ವ."

ತಟ್ಟೆ ವಾಲಿತು. ಕುಸರೆಳ್ಳು ನೆಲದ ತುಂಬ ಚೆಲ್ಲಿತು. ಆ ಕೋಣೆಯಲ್ಲಿ ಕನ್ನಡ ಬಲ್ಲವರು ಮೂವರೇ. ರಶ್ಮಿ ತಟ್ಟನೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು; ಉಳಿದವರೂ ಹೊಡೆದರು. ಚೆಲ್ಲಿದ ಎಳ್ಳಿನ ಕಡೆ ಯಾರ ಲಕ್ಷ್ಯವೂ ಹೋಗಲಿಲ್ಲ. ಇವತ್ತಿಗೂ ನನ್ನ ಒಡಪಿಗಿಂತ ಆ ಚಪ್ಪಾಳೆ ದೊಡ್ಡದು ಎಂದೇ ನಾನು ಹೇಳುವುದು.

ಹೊರಡುವಾಗ ಹುಡುಗಿ ಚಪ್ಪಲಿ ಗೂಡಿನ ಹತ್ತಿರ ಎಳ್ಳು ಆರಿಸುತ್ತ ಕೂತಿದ್ದಳು. ನಾನು ಚಪ್ಪಲಿ ಹುಡುಕುವವಳಂತೆ ಬಗ್ಗಿದೆ. ತಲೆಯೆತ್ತದೆ ಹೇಳಿದಳು:

"ಮುಂಜಾನೆ ಅವರು ಹೋಗೂಮುಂದ ಹೊರಗಿಂದ ಬೀಗ ಹಾಕ್ತಾರ. ಒಳಗ ಕೂಸು, ನಾನು ಅಷ್ಟ. ಒಲಿ ಬಾಜೂಕ ಗ್ಯಾಸಿನ ವಾಸನಿ ಬರತದ. ನಮ್ಮವ್ವಗ ಹೇಳ್ರಿ, ನಾ ಎಲ್ಲೂ ಹೋಗಿಲ್ಲ."

ಬೀಗದ ಮಾತು ಮರುದಿನದವರೆಗೆ ಕಾಯಬಹುದು, ಗ್ಯಾಸು ಕಾಯುವುದಿಲ್ಲ. ರಶ್ಮಿಯ ಕೈ ಚಿವುಟಿ ಕಿವಿಯಲ್ಲಿ ಹೇಳಿದೆ. ಅವಳು ಹೊಸ್ತಿಲಲ್ಲೇ ತಿರುಗಿ ಮೂಗು ಅರಳಿಸಿ, ಅಡುಗೆಮನೆಯಿಂದ ವಾಸನೆ ಬರುತ್ತಿದೆ ಎಂದು ಅದಿತಿಯನ್ನು ಒಳಗೆ ಎಳೆದುಕೊಂಡು ಹೋದಳು. ಸಿಲಿಂಡರಿನ ಪೈಪು ನಿಜವಾಗಿಯೂ ಬಿರುಕು ಬಿಟ್ಟಿತ್ತು. ಅದನ್ನು ಬಂದ್ ಮಾಡಿಸಿ, ರಿಪೇರಿಯವನಿಗೆ ತಾನೇ ಫೋನ್ ಮಾಡಿ, ಅವನು ಬರುವವರೆಗೂ ರಶ್ಮಿ ಅಲ್ಲೇ ಕೂತಳು.

ಮರುದಿನ ಬೆಳಿಗ್ಗೆ ಹೋದೆವು. ಬಾಲ ಕಲ್ಯಾಣ ಸಮಿತಿಯ ಆದೇಶ, ಕಾರ್ಮಿಕ ಇಲಾಖೆಯ ಅಧಿಕಾರಿ, ಒಬ್ಬ ಮಹಿಳಾ ಪೇದೆ, ಪರಾಂಜಪೆ ಬಾಯಿ, ಹಣಮವ್ವ, ನಾನು. ಈ ಸಲ ಗೇಟಿನಲ್ಲಿ ಫ್ಲ್ಯಾಟ್ ನಂಬರ್ ನಾನೇ ಹೇಳಿದೆ. ಮೇಲೆ ಬಾಗಿಲಿಗೆ ಬೀಗ ತೂಗುತ್ತಿತ್ತು. ಒಳಗೆ ಕೂಸು ಅಳುತ್ತಿತ್ತು. ಅದನ್ನು ರಮಿಸುವ ಸಣ್ಣ ದನಿ ಕೇಳುತ್ತಿತ್ತು. ಪೇದೆ ಅದಿತಿಗೆ ಫೋನ್ ಮಾಡಲು ಆಚೆ ಹೋದಳು. ಹಣಮವ್ವ ನೆಲಕ್ಕೆ ಕೂತು, ಬಾಗಿಲ ಕೆಳಗಿನ ಸಂದಿಗೆ ಬಾಯಿ ಹಚ್ಚಿದಳು.

"ಬಸೂ."

ರಮಿಸುವ ದನಿ ನಿಂತಿತು.

"ಉಂಡೀಯೇನ?"

"ಇನ್ನಾ ಇಲ್ಲವಾ. ಕೂಸಿಗೆ ತಿನಸಾಕತ್ತೀನಿ."

ತಿಂಗಳುಗಟ್ಟಲೆ ನೋಡದ ತಾಯಿ-ಮಗಳು ಮಾತಾಡಿದ್ದು ಅಷ್ಟೇ. ಆಮೇಲೆ ಸಂದಿಯೊಳಗಿಂದ ಮೊದಲು ಬಸವ್ವನ ಬೆರಳ ತುದಿಗಳು ಬಂದವು, ಅದರ ಪಕ್ಕ ಕೂಸಿನ ಬೆರಳೂ ಬಂತು. ಅದಕ್ಕೆ ಇದು ಆಟ.

ಅದಿತಿ ಏದುಸಿರು ಬಿಡುತ್ತ ಬಂದಳು. ನನ್ನನ್ನು ನೋಡಿ ಅವಳ ಮುಖ ಕೆಂಪಾಯಿತು. "ನಿನ್ನೆ ನನ್ನ ಕೈಯಿಂದ ಎಳ್ಳು ತಿಂದು ಹೋದವರು ನೀವು" ಎಂದಳು.

"ತಿಂದೇನ್ರಿ. ಎಳ್ಳು ತಿಂದ ಮ್ಯಾಲ ಸಿಹಿ ಮಾತಾಡಬೇಕು, ಅದಕ್ಕ ಸಿಹಿಯಾಗೇ ಕೇಳ್ತೀನಿ. ಒಳಗ ಬೆಂಕಿ ಹತ್ತಿದ್ರ ನಿಮ್ಮ ಮಗನ್ನ ಹೊರಗ ಯಾರು ತರ್ತಿದ್ರು?"

"ಪಿಂಕಿ ಅದಾಳಲ್ಲ."

"ಪಿಂಕಿಗೆ ಬಾಗಲಾ ಯಾರು ತಗೀತಿದ್ರು?"

ಅವಳು ಪರ್ಸಿನಿಂದ ಕೀಲಿಗೊಂಚಲು ಎಳೆದಳು. ಒಂದಾದ ಮೇಲೊಂದು ತಪ್ಪು ಕೀಲಿ ಹಾಕಿದಳು. ಕೊನೆಗೆ ಪೇದೆಯೇ ತೆಗೆದಳು. ಬಸವ್ವ ಕೂಸನ್ನು ಅದರ ತಾಯಿಯ ಕೈಗೆ ಕೊಟ್ಟು, ಆಮೇಲೆ ತನ್ನ ತಾಯಿಯ ಹತ್ತಿರ ಬಂದಳು. ಬರಿಗಾಲು. ಚೀಲದಿಂದ ಚಪ್ಪಲಿ ತೆಗೆದೆ. ದೊಡ್ಡವಾದವು, ಆದರೂ ಪಟ್ ಪಟ್ ಸದ್ದು ಮಾಡುತ್ತ ಲಿಫ್ಟಿನವರೆಗೆ ಹೋದಳು. ಅದಿತಿಯ ಮನೆಯವರ ಮೇಲೆ ಕಾನೂನಿನ ಪ್ರಕಾರ ಆಗಬೇಕಾದದ್ದು ಆಯಿತು.

ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುವವರಿಗಾಗಿಯೇ ನಾನು ಇದನ್ನು ಬರೆಯುತ್ತಿರುವುದು. ಬಸವ್ವ ಬಾಲಕಿಯರ ಆಶ್ರಯಧಾಮಕ್ಕೆ ಹೋದಳು. ಸಮಿತಿಯ ಮುಂದೆ ಹಣಮವ್ವನನ್ನು ನಿಲ್ಲಿಸಿದರು. ಇಷ್ಟು ಸಣ್ಣ ಮಗಳನ್ನು ಯಾಕೆ ಕಳಿಸಿದೆ ಎಂದು ಕೇಳಿದರು. ಹೊಟ್ಟೆಪಾಡು ಎನ್ನುತ್ತಾಳೆ ಎಂದು ನಾನು ಅನುವಾದಿಸಲು ತಯಾರಾಗಿ ನಿಂತಿದ್ದೆ. ಅವಳು ಹೇಳಿದ್ದು ಬೇರೆ:

"ಅಲ್ಲಿ ಬಾಗಲಾ ಅದ ಅಂತ ಕಳಿಸೇನ್ರೀ. ಬೀಗ ಅದ ಅಂತ. ನಮ್ಮ ತಗಡಿಗೆ ಚಿಲಕಿಲ್ಲ. ನಾ ಸ್ಲ್ಯಾಬಿನ ಮ್ಯಾಲ ಇರ್ತೀನಿ, ಕೆಳಗ ಇಕಿ ಒಬ್ಬಾಕಿ. ಕುಡದಾವ್ರು ಬರತಾರ, ತಗಡ ಸರಿಸಿ ನೋಡತಾರ. ಬೀಗದ ಮನ್ಯಾಗ ಇದ್ರ ನಮ್ಮ ಹುಡುಗಿ ಉಳೀತಾಳ ಅಂದ್ಕೊಂಡೆ."

ಒಂದೂ ಮಾತು ಬಿಡದೆ ಮರಾಠಿಗೆ ತಿರುಗಿಸಿ ಹೇಳಿದೆ. ಇಷ್ಟು ವರ್ಷ ಆ ತಗಡಿನ ಮನೆಗಳ ಮುಂದೆ ಕೂತು ಮಾತಾಡಿದ್ದೇವೆ. ಯಾರೂ ಆ ಬಾಗಿಲುಗಳನ್ನು ಒಳಗೆ ನಿಂತು ನೋಡಿರಲಿಲ್ಲ. ಸಮಿತಿಯವರು ತಮ್ಮತಮ್ಮಲ್ಲಿ ಮಾತಾಡಿಕೊಂಡು ಹೇಳಿದರು: ಹುಡುಗಿ ಹಗಲು ಇರುವುದಕ್ಕೆ ಶಾಲೆ, ಮಲಗುವುದಕ್ಕೆ ಭದ್ರವಾದ ಜಾಗ, ಇವೆರಡನ್ನೂ ತೋರಿಸಿದರೆ ತಾಯಿಯ ಬಳಿ ಕಳಿಸುತ್ತೇವೆ. ಇಲ್ಲವಾದರೆ ಹುಡುಗಿ ಆಶ್ರಯಧಾಮದಲ್ಲೇ ಬೆಳೆಯಲಿ.

ಹಣಮವ್ವ ನನ್ನ ಸೆರಗು ಹಿಡಿದುಕೊಂಡಳು. ಒಂದು ಚಿಲಕಕ್ಕಾಗಿ ಮಗಳನ್ನು ಎರಡನೇ ಸಲ ಕಳೆದುಕೊಳ್ಳುವ ಹೊತ್ತು.

ಶಾಲೆ ಸುಲಭವಾಯಿತು, ಮಹಾನಗರಪಾಲಿಕೆಯ ಶಾಲೆ ಹತ್ತಿರದಲ್ಲೇ ಇತ್ತು, ಸಂಜೆ ಸೈಟಿನ ಶಿಶುಮನೆಯಲ್ಲಿ ಕೂರಬಹುದಿತ್ತು. ಚಿಲಕವೇ ಕಷ್ಟ. ಸೈಟಿನ ಇಂಜಿನಿಯರ್, ತರುಣ ಹುಡುಗ, ತಾತ್ಕಾಲಿಕ ಶೆಡ್ಡಿಗೆ ಇದೆಲ್ಲ ಪ್ಲ್ಯಾನಿನಲ್ಲಿ ಬರುವುದಿಲ್ಲ ಎಂದ. ಪರಾಂಜಪೆ ಬಾಯಿ ಅವನನ್ನು ಒಂದು ಶೆಡ್ಡಿನೊಳಗೆ ಕರೆದುಕೊಂಡು ಹೋಗಿ, ತಗಡಿನ ಬಾಗಿಲು ಎಳೆದು, "ನೀನು ಒಳಗ ಸ್ನಾನ ಮಾಡು, ನಾನು ಹೊರಗ ನಿಂತಿರತೇನಿ" ಎಂದರು. ಬಾಗಿಲು ಮುಚ್ಚಿದರೂ ಒಂದು ಗೇಣು ಸಂದಿ. ಅವನು ಹೊರಗೆ ಬಂದು ಒಪ್ಪಿಕೊಂಡ. ಒಂದು ಶೆಡ್ಡಿಗಲ್ಲ, ಸಾಲಿಗೆಲ್ಲ.

ಒಂದು ವಾರ ಬಿಟ್ಟು ಹೋಗಿ ನೋಡುತ್ತೇನೆ, ಸಾಲಿನ ಉದ್ದಕ್ಕೂ ಹೊಸ ಚಿಲಕಗಳು ಬಿಸಿಲಿಗೆ ಹೊಳೆಯುತ್ತಿವೆ. ಎಲ್ಲವೂ ಹೊರಗಡೆ. ಹಚ್ಚಿದವನು ಸೆಂಟ್ರಿಂಗ್ ಕೆಲಸದ ಬಡಿಗೇರ ಮಲ್ಲಪ್ಪ, ನಮ್ಮ ಕಡೆಯವನೇ. ಅವನಿಗೆ ಚಿಲಕವೆಂದರೆ ಕೆಲಸಕ್ಕೆ ಹೋಗುವಾಗ ಪಾತ್ರೆ-ಪಡಗ ಕದಿಯದಂತೆ ಹಾಕುವುದು; ಸೈಟಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದನ್ನು ಅವನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಒಬ್ಬ ಮುದುಕಿ ಹೊರಗಿನ ಚಿಲಕ ಹಾಕಿ ತೆಗೆದು ಹೇಳಿದಳು, "ಛಲೋ ಆತು ತಮ್ಮಾ, ಇನ್ನ ಕುಡದಾಂವಗ ತಗದು ಒಳಗ ಬರಾಕ ಆರಾಮಾತು." ಹೆಂಗಸರೆಲ್ಲ ನಕ್ಕರು. ಮಲ್ಲಪ್ಪ ತಲೆ ಕೆರೆದುಕೊಂಡ. ತಗಡು ತೆಳ್ಳಗೆ, ಒಳಗೆ ಮೊಳೆ ನಿಲ್ಲುವುದಿಲ್ಲ ಎಂದ. ಆಮೇಲೆ ತಾನೇ ಹಾದಿ ಹುಡುಕಿದ. ಸೆಂಟ್ರಿಂಗಿನ ಮರದ ಪಟ್ಟಿ ತಂದು ಒಳಗಡೆ ಚೌಕಟ್ಟು ಹಚ್ಚಿ, ಅದಕ್ಕೆ ಚಿಲಕ ಕೂಡಿಸಿದ. ಹಣಮವ್ವನ ಶೆಡ್ಡಿನದನ್ನು ಮಾತ್ರ ನಾನು ಬಿಡಿಸಿಟ್ಟೆ. ಅದನ್ನು ಹಚ್ಚುವವರು ಬರಲಿ ಎಂದು ಹೇಳಿ, ನೋಡಲು ಬಂದ ಸಮಿತಿಯವರಿಗೆ ಸಾಲಿನ ಉಳಿದ ಚಿಲಕಗಳನ್ನು ತೋರಿಸಿ ಒಪ್ಪಿಸಿದೆ.

ಬಸವ್ವ ಈಗ ಏನು ಮಾಡುತ್ತಾಳೆ ಎಂದು ಹೊಸ ಹುಡುಗಿಯರು ಕೇಳುತ್ತಾರೆ. ಅದನ್ನು ಬರೆಯಬೇಡ ಮಾವಶಿ ಎಂದು ಅವಳು ಹೇಳಿದ್ದಾಳೆ, ಬರೆಯುವುದಿಲ್ಲ. ಸಂಕ್ರಾಂತಿಗೆ ಎಳ್ಳು ತರುತ್ತಾಳೆ, ಹೋಗುವಾಗ ನಮ್ಮ ಮನೆಯ ಚಿಲಕ ಗಟ್ಟಿ ಇದೆಯೋ ಎಂದು ಅಲ್ಲಾಡಿಸಿ ನೋಡುತ್ತಾಳೆ. ಅಷ್ಟು ಸಾಕು. ನಮ್ಮ ಸಂಸ್ಥೆಯವರು ಈಗ ಯಾವ ಸೈಟಿಗೆ ಹೋದರೂ ಮೊದಲು ಶೆಡ್ಡಿನ ಒಳಗೆ ನಿಂತು ಬಾಗಿಲು ಮುಚ್ಚಿ ನೋಡುತ್ತಾರೆ. ಅದಕ್ಕೆ ಕಾರಣ ಯಾರೆಂದು ಅವರಿಗೆ ಗೊತ್ತಿರಲಿ.

ಆ ವರ್ಷ ರಥಸಪ್ತಮಿಯ ದಿನ ಸಮಿತಿಯವರು ಬಸವ್ವನನ್ನು ಕಳಿಸಿಕೊಟ್ಟರು. ಬಂದವಳೇ ಮಲ್ಲಪ್ಪನ ಕೈಯಿಂದ ಸ್ಕ್ರೂ ತಿರುಗಿಸುವುದನ್ನು ಇಸಿದುಕೊಂಡು, ನಾಲಗೆ ಕಚ್ಚಿಕೊಂಡು, ತನ್ನ ಮನೆಯ ಚಿಲಕವನ್ನು ತಾನೇ ಹಚ್ಚಿದಳು. ಹೆಂಗಸರು ಅರ್ಧ ದಿನ ಕೆಲಸ ಬಿಟ್ಟು ಹಣಮವ್ವನ ಶೆಡ್ಡಿನಲ್ಲಿ ಅರಿಷಿಣ-ಕುಂಕುಮ ಇಟ್ಟುಕೊಂಡಿದ್ದರು. ಪರಾಂಜಪೆ ಬಾಯಿ ರೂಢಿಯಂತೆ ಹೊರಗೆ ಇಟ್ಟಂಗಿಯ ರಾಶಿಯ ಹತ್ತಿರ ನಿಂತಿದ್ದರು. ಹಣಮವ್ವ ಹೋಗಿ ಅವರ ಕೈ ಹಿಡಿದು ಒಳಗೆ ಎಳೆದಳು. "ಬರ್ರಿ ಬಾಯಾರ, ಇದು ನಮ್ಮ ಮನಿ, ಇಲ್ಲಿ ನಮ್ಮ ಶಾಸ್ತ್ರ." ಮೊದಲ ಕುಂಕುಮ ಅವರಿಗೇ ಹಚ್ಚಿದಳು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

ಒಡಪು ಶುರುವಾದವು. ಬಸವ್ವನ ಸರದಿ ಬಂದಾಗ, ಇದು ಹೆಂಗೂಸು, ಇದಕ್ಕೆಲ್ಲಿಯ ಗಂಡ, ಬಿಡ್ರಿ ಎಂದು ಯಾರೋ ನಕ್ಕರು. ಬಸವ್ವ ಎದ್ದು ಹೋಗಿ ಬಾಗಿಲು ಹಾಕಿ, ಚಿಲಕ ಜಡಿದು, ಅದಕ್ಕೆ ಬೆನ್ನು ಹಚ್ಚಿ ನಿಂತಳು:

"ತಗಡಿನ ಮನಿಗೆ ಕಬ್ಬಿಣ ಚಿಲಕ, ಹಾಕಾಕಿ ನಾ, ತಗ್ಯಾಕಿ ನಾ;
ಗಂಡನ ಹೆಸರ ಕೇಳಬ್ಯಾಡ್ರಿ, ಹಣಮವ್ವನ ಮಗಳು ಬಸವ್ವ ನಾ."

ಹೆಂಗಸರು ಕೂಗಿದ ಕೂಗಿಗೆ ತಗಡು ಅದುರಿತು. ಪರಾಂಜಪೆ ಬಾಯಿ ನನ್ನ ಮೊಣಕೈ ತಿವಿದು, ಹುಡುಗಿ ಏನಂದಳು ಎಂದು ಕೇಳಿದರು. ಒಂದೊಂದೇ ಶಬ್ದ ಮರಾಠಿಗೆ ತಿರುಗಿಸಿ ಹೇಳಿದೆ. ಅವರು ಎರಡು ಸಲ ಕೇಳಿಸಿಕೊಂಡು, ಹಣಮವ್ವನ ಚಾಪೆಯ ಮೇಲೆ ಮೆಲ್ಲಗೆ ಕೂತರು. ಕೂತು ಚಹಾ ತೆಗೆದುಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ವರದಿ ಆತು" ಎಂದರು.